ನಾಲಿಗೆಯಡಿಯ ಪುಟ್ಟ ಮಾತ್ರೆ

ಹೃದ್ರೋಗಿಗಳಿರುವ ಅನೇಕ ಮನೆಗಳಲ್ಲಿ ಒಂದು ಪುಟ್ಟ ಮಾತ್ರೆ ಸದಾ ಕೈಗೆಟುಕುವಂತಿರುತ್ತದೆ. ಎದೆ ಹಿಂಡಿದಂತಾದರೆ ಅದನ್ನು ನಾಲಿಗೆಯಡಿ ಇಟ್ಟುಕೊಳ್ಳಬೇಕೆಂದು ಮನೆಮಂದಿಗೆಲ್ಲ ಗೊತ್ತು. ಆದರೆ ಅದರಿಂದ ಆಗುವುದೇನು, ಆಗದಿರುವುದೇನು ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದಾಗ, ಮೆಟ್ಟಿಲು ಹತ್ತುವಾಗಲೋ ಬಿರುಸಾಗಿ ನಡೆಯುವಾಗಲೋ ಎದೆನೋವು ಬರುತ್ತದೆ. ಇದೇ ಆಂಜೈನಾ. ಐಸೊಸಾರ್ಬೈಡ್ ಡೈನೈಟ್ರೇಟ್, ನೈಟ್ರೋಗ್ಲಿಸರಿನ್ ಮುಂತಾದ ನೈಟ್ರೇಟ್ ಔಷಧಿಗಳು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಹೃದಯದ ಹೊರೆ ಇಳಿದು ನೋವು ತಗ್ಗುತ್ತದೆ. ಡೈನಮೈಟಿಗೆ ಬಳಸುತ್ತಿದ್ದ ನೈಟ್ರೋಗ್ಲಿಸರಿನ್ ಆಂಜೈನಾಕ್ಕೂ ಮದ್ದು ಎಂದು 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್ ವರದಿ ಮಾಡಿದ್ದರು.

ನೆನಪಿಡಬೇಕಾದ ಮಾತೆಂದರೆ, ಈ ಮಾತ್ರೆ ಧಮನಿಯಲ್ಲಿನ ಅಡಚಣೆಯನ್ನು ಕರಗಿಸುವುದಿಲ್ಲ. ಹೃದಯಾಘಾತದಲ್ಲಿ ರಕ್ತ ಹೆಪ್ಪುಗಟ್ಟಿ ಧಮನಿ ಮುಚ್ಚಿರುತ್ತದೆ. ಆಗ ಮಾತ್ರೆಯ ಮೇಲೆ ಮಾತ್ರೆ ಇಟ್ಟುಕೊಂಡು ಮನೆಯಲ್ಲೇ ಕಾಯುತ್ತಾ ಕುಳಿತರೆ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ನೋವು ಬಂದೊಡನೆ ಕುಳಿತುಕೊಂಡು ಒಂದು ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಳ್ಳಿ. ನಿಂತಿದ್ದರೆ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳಬಹುದು. 5 ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ ಅಥವಾ ಹೆಚ್ಚಿದರೆ 108ಕ್ಕೆ ಕರೆ ಮಾಡಿ. ಬೆವರು, ಉಸಿರಾಟದ ತೊಂದರೆ ಇದ್ದರೆ ಅಷ್ಟು ಹೊತ್ತೂ ಕಾಯಬೇಡಿ.

ಪಕ್ಕದ ಮನೆಯವರಿಗೆ ಎದೆನೋವು ಬಂತೆಂದು ನಿಮ್ಮ ಮಾತ್ರೆ ಕೊಡಬೇಡಿ. ರಕ್ತದೊತ್ತಡ ಮೊದಲೇ ಕಡಿಮೆಯಿದ್ದವರಿಗೆ ಅಪಾಯವಾದೀತು. ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ಸೇವಿಸಿದ 24 ಗಂಟೆಯೊಳಗೆ, ಟಡಲಾಫಿಲ್ ಸೇವಿಸಿದ 48 ಗಂಟೆಯೊಳಗೆ ನೈಟ್ರೇಟ್ ತೆಗೆದುಕೊಳ್ಳಲೇಬಾರದು. ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಸಂಕೋಚಪಟ್ಟು ಈ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬೇಡಿ.

ಮಾತ್ರೆಯ ನಂತರ ತಲೆನೋವು ಬರುವುದು ಸಾಮಾನ್ಯ, ಗಾಬರಿ ಬೇಡ. ದಿನವೂ ನುಂಗುವ ನೈಟ್ರೇಟ್ ಮಾತ್ರೆಗಳದು ಬೇರೆ ಲೆಕ್ಕ. ಇಪ್ಪತ್ತನಾಲ್ಕು ಗಂಟೆಯೂ ಔಷಧಿ ಮೈಯಲ್ಲಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಗುಣ ಕಡಿಮೆಯಾಗುತ್ತದೆ. ಅದಕ್ಕೆಂದೇ ವೈದ್ಯರು ದಿನದಲ್ಲಿ ಕೆಲವು ಗಂಟೆ ಬಿಡುವು ಇರುವಂತೆ ಹೊತ್ತು ಗೊತ್ತುಮಾಡಿರುತ್ತಾರೆ. ಆ ಹೊತ್ತನ್ನು ನೀವಾಗಿ ಬದಲಿಸಬೇಡಿ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಲೂ ಬೇಡಿ.

ನೈಟ್ರೋಗ್ಲಿಸರಿನ್ ಮಾತ್ರೆಯನ್ನು ಅದು ಬಂದ ಸೀಸೆಯಲ್ಲೇ ಬಿಗಿಯಾಗಿ ಮುಚ್ಚಿ, ಬಿಸಿಲು ತಾಕದಂತೆ ಇಡಿ. ಯಾವ ಮಾತ್ರೆಯೇ ಆಗಲಿ, ಅವಧಿ ಮುಗಿದಿಲ್ಲವೆಂದು ಆಗಾಗ ನೋಡಿಕೊಳ್ಳಿ. ಅದನ್ನು ಇಟ್ಟಿರುವ ಜಾಗ ಮನೆಯ ಮಕ್ಕಳನ್ನು ಬಿಟ್ಟು ಉಳಿದೆಲ್ಲರಿಗೂ ತಿಳಿದಿರಲಿ.