ಚರ್ಚೆಗೊಬ್ಬ ಕಾರ್ಯದರ್ಶಿ: ನ್ಯೂಟನ್ನನ ಪಟ್ಟಕದಿಂದ ನಮ್ಮ ವೀಕ್ಷಣಾ ಪುಸ್ತಕದವರೆಗೆ

ಪಾಠ ಯೋಜನೆ ಬರೆಯಲು ನಮಗೆ ನಮೂನೆ ಇದೆ. ಘಟಕ ಪರೀಕ್ಷೆಗೆ ನೀಲನಕ್ಷೆ ಇದೆ. ಆದರೆ ಬೋಧನಾ ಅಭ್ಯಾಸದ ಪಾಠ ಮುಗಿದ ಮೇಲೆ ನಡೆಯುವ ಚರ್ಚೆಗೆ ಯಾವ ನಮೂನೆಯೂ ಇಲ್ಲ. ಒಂದು ಶಾಲೆಗೆ ಹೋದ ಆರೇಳು ಪ್ರಶಿಕ್ಷಣಾರ್ಥಿಗಳು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರುತ್ತೇವೆ. ಇಬ್ಬರು "ಚೆನ್ನಾಗಿತ್ತು" ಎನ್ನುತ್ತಾರೆ, ಒಬ್ಬರು ಧ್ವನಿ ಸಾಲದು ಎನ್ನುತ್ತಾರೆ, ಮತ್ತೊಬ್ಬರು ಕಪ್ಪುಹಲಗೆಯ ಅಕ್ಷರದ ಬಗ್ಗೆ ಹೇಳುವಷ್ಟರಲ್ಲಿ ಬೆಲ್ ಆಗುತ್ತದೆ. ಉಳಿದ ಮಾತು ರಾತ್ರಿ ಮೊಬೈಲಿನಲ್ಲಿ ಬಿಡಿಬಿಡಿಯಾಗಿ ಹರಿದು, ಶುಭಾಶಯಗಳ ನಡುವೆ ಕಳೆದುಹೋಗುತ್ತದೆ. ಮುಂದಿನ ವಾರ ಅದೇ ಘಟಕವನ್ನು ಬೋಧಿಸುವವರಿಗೆ ಅದರಲ್ಲಿ ಒಂದು ವಾಕ್ಯವೂ ಸಿಗುವುದಿಲ್ಲ.

ವಿದ್ವಾಂಸರ ಚರ್ಚೆಗೂ ಒಂದು ಕಾಲದಲ್ಲಿ ಇದೇ ಪಾಡಿತ್ತು. ಅದು ಬದಲಾದ ಬಗೆಯನ್ನು ತಿಳಿಯಲು ಹತ್ತನೇ ತರಗತಿಯಲ್ಲಿ ನಾವು ಬೋಧಿಸುವ ಬೆಳಕಿನ ವರ್ಣವಿಭಜನೆಯೇ ಅತ್ಯುತ್ತಮ ಉದಾಹರಣೆ ಎಂಬುದು ನನ್ನ ಅಭಿಪ್ರಾಯ.

ಹದಿನೇಳನೇ ಶತಮಾನದ ಮೊದಲರ್ಧದಲ್ಲಿ ಯೂರೋಪಿನ ವಿಜ್ಞಾನ ಸಾಗುತ್ತಿದ್ದುದು ಬಹುಮಟ್ಟಿಗೆ ಕಾಗದಗಳ ಮೂಲಕ. ಪ್ಯಾರಿಸ್ಸಿನಲ್ಲಿ ಮರಿನ್ ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯೊಬ್ಬರಿದ್ದರು. ಡೇಕಾರ್ಟ್, ಫರ್ಮಾ ಮೊದಲಾದವರೊಡನೆ ಅವರ ಪತ್ರವ್ಯವಹಾರವಿತ್ತು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರಿಗೆ ತಲುಪಿಸಿ ಉತ್ತರ ತರಿಸುತ್ತಿದ್ದವರು ಅವರೇ. 1648ರಲ್ಲಿ ಅವರು ತೀರಿಕೊಂಡಾಗ ಆ ಜಾಲದ ನಡುಗಂಬವೇ ಕುಸಿದಂತಾಯಿತು. ಇಂಥ ವ್ಯವಸ್ಥೆಯ ದೌರ್ಬಲ್ಯ ಸ್ಪಷ್ಟ. ಪತ್ರ ಯಾರ ಕೈಗೆ ಬಂತೋ ಅವರಿಗಷ್ಟೇ ಚರ್ಚೆ. ಯಾರು ಯಾವಾಗ ಏನು ಹೇಳಿದರು ಎಂಬುದಕ್ಕೆ ಎಲ್ಲರೂ ನೋಡಬಹುದಾದ ದಾಖಲೆ ಇಲ್ಲ.

1660ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹುಟ್ಟಿತು. ಅದರ ಕಾರ್ಯದರ್ಶಿಯಾದ ಹೆನ್ರಿ ಓಲ್ಡನ್‌ಬರ್ಗ್ ಹುಟ್ಟಿನಿಂದ ಜರ್ಮನ್, ಬ್ರೆಮೆನ್ ಊರಿನವರು. ಹಲವು ಭಾಷೆ ಬಲ್ಲವರು. ದೇಶದೇಶಗಳಿಂದ ಪತ್ರ ಬರುತ್ತಿದ್ದುದು ಸರ್ಕಾರಕ್ಕೆ ಅನುಮಾನ ಹುಟ್ಟಿಸಿತೋ ಏನೋ, 1667ರಲ್ಲಿ ಕೆಲಕಾಲ ಲಂಡನ್ ಟವರಿನ ಸೆರೆಯಲ್ಲೂ ಇದ್ದರು. 1665ರ ಮಾರ್ಚಿಯಲ್ಲಿ ಅವರು 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಸ್ವಂತ ಹೊಣೆಯಲ್ಲಿ ಆರಂಭಿಸಿದರು. ಬಂದ ಪತ್ರಗಳಲ್ಲಿ ಆಯ್ದು, ಬೇಕಾದಲ್ಲಿ ಸಂಕ್ಷೇಪಿಸಿ ಅಚ್ಚು ಹಾಕಿಸುವುದು ಅವರ ಕೆಲಸ. ಹೀಗೆ ಖಾಸಗಿ ಪತ್ರಗಳ ಚರ್ಚೆ ಒಬ್ಬ ನಿರ್ವಾಹಕನ ಕೈ ದಾಟಿ ಸಾರ್ವಜನಿಕ ಜಾಗಕ್ಕೆ ಬಂತು.

1672ರ ಫೆಬ್ರವರಿಯಲ್ಲಿ ಆ ಪತ್ರಿಕೆಯಲ್ಲಿ ಬೆಳಕು ಮತ್ತು ಬಣ್ಣಗಳ ಬಗ್ಗೆ ಐಸಾಕ್ ನ್ಯೂಟನ್ನನ ಪತ್ರ ಅಚ್ಚಾಯಿತು. ಆಗ ಆತನಿಗೆ 29 ವರ್ಷ, ಅಂದರೆ ನಮ್ಮಲ್ಲಿ ಕೆಲವರಿಗಿಂತ ಮೂರ್ನಾಲ್ಕು ವರ್ಷವಷ್ಟೇ ದೊಡ್ಡವನು. ಕತ್ತಲ ಕೋಣೆ, ಕಿಟಕಿಯ ಬಾಗಿಲಲ್ಲಿ ಸಣ್ಣ ರಂಧ್ರ, ಅದರ ಮುಂದೆ ಪಟ್ಟಕ. 22 ಅಡಿ ದೂರದ ಗೋಡೆಯ ಮೇಲೆ ಬಿದ್ದ ವರ್ಣಪಟಲ ಗುಂಡಗಿರಲಿಲ್ಲ, ಉದ್ದುದ್ದವಾಗಿತ್ತು. ಉದ್ದ 13¼ ಅಂಗುಲ, ಅಗಲ 2⅝ ಅಂಗುಲ, ಎಂದರೆ ಸುಮಾರು ಐದು ಪಟ್ಟು. ನಮ್ಮ ಪಾಠಗಳಲ್ಲಿ ಏಳು ಬಣ್ಣಗಳ ಹೆಸರು ಹೇಳಿಸಿ ಮುಂದೆ ಹೋಗುತ್ತೇವೆ. ನ್ಯೂಟನ್ನನ ವಾದ ನಿಂತಿದ್ದುದು ಬಣ್ಣದ ಹೆಸರುಗಳ ಮೇಲಲ್ಲ, ಈ ಉದ್ದ-ಅಗಲದ ಮೇಲೆ. ಸೂರ್ಯನ ಎಲ್ಲ ಕಿರಣಗಳೂ ಒಂದೇ ಪ್ರಮಾಣದಲ್ಲಿ ವಕ್ರೀಭವನ ಹೊಂದಿದ್ದರೆ ಬಿಂಬ ಗುಂಡಗೇ ಇರಬೇಕಿತ್ತಲ್ಲ?

ಆಕ್ಷೇಪಗಳು ಬಂದವು. ಅವುಗಳಲ್ಲಿ ಮೂರನ್ನು ನೋಡಿದರೆ ನಿರ್ವಾಹಕನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ತಿಳಿಯುತ್ತದೆ.

ಪ್ಯಾರಿಸ್ಸಿನ ಪಾರ್ಡಿ ಎಂಬ ಜೆಸ್ಯೂಟ್ ಅಧ್ಯಾಪಕರು, ಸೂರ್ಯನ ಬೇರೆ ಬೇರೆ ಭಾಗಗಳಿಂದ ಬರುವ ಕಿರಣಗಳು ಬೇರೆ ಬೇರೆ ಕೋನದಲ್ಲಿ ಪಟ್ಟಕದ ಮೇಲೆ ಬೀಳುವುದರಿಂದಲೇ ಬಿಂಬ ಉದ್ದವಾಗಬಹುದು ಎಂದರು. ಒಳ್ಳೆಯ ಆಕ್ಷೇಪವೇ. ತನ್ನ ಪಟ್ಟಕವನ್ನು ಎರಡೂ ಕಡೆ ವಕ್ರೀಭವನ ಸಮವಾಗುವಂತೆ ಇಟ್ಟಿದ್ದೆ, ಆ ಸ್ಥಿತಿಯಲ್ಲಿ ಈ ಕಾರಣ ಸಾಲದು ಎಂದು ನ್ಯೂಟನ್ ಉತ್ತರಿಸಿದ. ತನ್ನ ಸಿದ್ಧಾಂತವನ್ನು ಪಾರ್ಡಿ 'ಊಹೆ' ಎಂದು ಕರೆದದ್ದು ಅವನಿಗೆ ಹಿಡಿಸಲಿಲ್ಲ. ಪಾರ್ಡಿ ಅದಕ್ಕೆ ವಿನಯದಿಂದಲೇ ಸಮಜಾಯಿಷಿ ಕೊಟ್ಟು, ಕೊನೆಗೆ ಸಮಾಧಾನವಾಯಿತೆಂದು ಬರೆದರು. ಪತ್ರ, ಉತ್ತರ ಎರಡನ್ನೂ ಓಲ್ಡನ್‌ಬರ್ಗ್ ಅಚ್ಚು ಹಾಕಿಸಿದರು. ಮುಖಾಮುಖಿ ನೋಡಿರದ ಇಬ್ಬರು ಕೆಲವೇ ತಿಂಗಳಲ್ಲಿ ಒಂದು ಪ್ರಶ್ನೆ ಬಗೆಹರಿಸಿಕೊಂಡರು.

ರಾಬರ್ಟ್ ಹುಕ್ ಜೊತೆಗಿನ ವಾದ ಹೀಗೆ ಸಾಗಲಿಲ್ಲ. ಉತ್ತರ ಬರೆಯುವಾಗ ಆಕ್ಷೇಪಿಸಿದವರ ಹೆಸರು ಬಿಟ್ಟು, ವಿಷಯಕ್ಕಷ್ಟೇ ಉತ್ತರಿಸಬಹುದಲ್ಲವೇ ಎಂದು ಓಲ್ಡನ್‌ಬರ್ಗ್ ನ್ಯೂಟನ್ನನಿಗೆ ಸೂಚಿಸಿದ್ದರು. ಇದು ಬಹಳ ಬುದ್ಧಿವಂತಿಕೆಯ ಸೂಚನೆ. ಆದರೆ ನಿರ್ವಾಹಕನ ಅಧಿಕಾರದ ಇನ್ನೊಂದು ಮುಖವೂ ಇಲ್ಲೇ ಕಾಣುತ್ತದೆ. 1672ರ ನವೆಂಬರಿನಲ್ಲಿ ನ್ಯೂಟನ್ನನ ಉತ್ತರ ಪತ್ರಿಕೆಯಲ್ಲಿ ಬಂತು. ಯಾವ ಆಕ್ಷೇಪಕ್ಕೆ ಅದು ಉತ್ತರವೋ ಆ ಹುಕ್ ಬರಹ ಬರಲೇ ಇಲ್ಲ. ಓದುಗರು ಒಂದೇ ಕಡೆಯ ಮಾತು ಕೇಳಿದರು. ಮುಂದೆ ಗಡಿಯಾರದ ಸ್ಪ್ರಿಂಗಿನ ವಿಷಯದಲ್ಲಿ ಓಲ್ಡನ್‌ಬರ್ಗ್ ಪಕ್ಷಪಾತಿ ಎಂದು ಹುಕ್ ಬಹಿರಂಗವಾಗಿಯೇ ದೂರಿದರು. ಆ ದೂರು ಎಷ್ಟು ಸರಿಯೆಂಬ ಚರ್ಚೆ ಬೇರೆ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಪ್ರಕಟಿಸಿದರೆ ಅನುಮಾನ ಹುಟ್ಟುವುದು ಸಹಜ.

ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು. ಈಗ ಬೆಲ್ಜಿಯಂನಲ್ಲಿರುವ ಲೀಯೆಜ್ ನಗರದ ಇಂಗ್ಲಿಷ್ ಜೆಸ್ಯೂಟರು ಆಕ್ಷೇಪ ಎತ್ತಿದರು. ಸೂರ್ಯನ ಬಳಿ ಮೋಡವಿದ್ದಾಗ ಮಾತ್ರ ಬಿಂಬ ಹೀಗೆ ಉದ್ದವಾಗುತ್ತದೆ ಎಂದು ವೃದ್ಧರಾದ ಲೈನಸ್ ವಾದಿಸಿದರು. ಮಾತಿನಲ್ಲಿ ಇದು ಮುಗಿಯುವಂತಿರಲಿಲ್ಲ. 1676ರ ಏಪ್ರಿಲ್‌ನಲ್ಲಿ ಸೊಸೈಟಿಯ ಸಭೆಯಲ್ಲೇ ಪ್ರಯೋಗ ಮಾಡಿ ತೋರಿಸಲಾಯಿತು, ನ್ಯೂಟನ್ ಹೇಳಿದಂತೆಯೇ ಆಯಿತು. ಅಷ್ಟರಲ್ಲಿ ಲೈನಸ್ ತೀರಿಕೊಂಡಿದ್ದರು. ಅವರ ನಂತರ ವಾದ ಮುಂದುವರಿಸಿದ ಲ್ಯೂಕಸ್ ಬಿಂಬ ಉದ್ದವಾಗುವುದನ್ನು ಒಪ್ಪಿದರು. ಆದರೆ ತಮಗೆ ಸಿಕ್ಕಿದ್ದು ಐದು ಪಟ್ಟಲ್ಲ, ಮೂರರಿಂದ ಮೂರೂವರೆ ಪಟ್ಟು ಎಂದರು.

ಇಬ್ಬರೂ ಅಳತೆಗಳನ್ನು ಬರೆದುಕೊಂಡರೂ ವ್ಯತ್ಯಾಸ ಕರಗಲಿಲ್ಲ. ಗಾಜಿನ ಜಾತಿ ಬದಲಾದರೆ ಬಣ್ಣಗಳು ಹರಡುವ ಪ್ರಮಾಣವೂ ಬದಲಾಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಇಬ್ಬರ ಪಟ್ಟಕಗಳ ಗಾಜು ಬೇರೆ ಇದ್ದಿರಬೇಕೆಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಈ ಗುಣವನ್ನೇ ಬಳಸಿ, ಬಣ್ಣದ ಅಂಚು ಮೂಡಿಸದ ಮಸೂರವನ್ನು ಜಾನ್ ಡಾಲೆಂಡ್ ಲೋಕಕ್ಕೆ ಪರಿಚಯಿಸಿದ್ದು 1758ರಲ್ಲಿ. ಲ್ಯೂಕಸ್ಸರ ಆ ಮೂರೂವರೆಯಲ್ಲಿ ಒಂದು ಆವಿಷ್ಕಾರದ ಬೀಜವಿತ್ತು. ನ್ಯೂಟನ್ ಸಿಡಿಮಿಡಿಗೊಂಡಿದ್ದ, ಅದನ್ನು ಎತ್ತಿಕೊಳ್ಳಲಿಲ್ಲ. ಯಾವ ಕಾರ್ಯದರ್ಶಿಯೂ ಈ ಕುರುಡನ್ನು ನೀಗಿಸಲಾರ. ಆದರೆ ಸಂಖ್ಯೆ ಅಚ್ಚಿನಲ್ಲಿ ಉಳಿದಿದ್ದರಿಂದಲೇ ಇಂದು ನಾವು ಈ ಮಾತು ಆಡುತ್ತಿದ್ದೇವೆ.

ಇದನ್ನು ಓದಿದ ಮೇಲೆ ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು ನಮ್ಮ ಶಾಲಾ ತಂಡದಲ್ಲಿ ವಾರಕ್ಕೊಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಂಡೆವು. ಆ ವಾರ ಅವರು ಅಭಿಪ್ರಾಯ ಹೇಳುವಂತಿಲ್ಲ. ಪ್ರತಿ ವೀಕ್ಷಕರಿಂದ ಬರೆದ ಚೀಟಿ ಪಡೆಯುತ್ತಾರೆ. "ಆತ್ಮವಿಶ್ವಾಸ ಕಡಿಮೆ" ಎಂಬಂಥ ಚೀಟಿಯನ್ನು ಹರಿದುಹಾಕುವುದಿಲ್ಲ, "ಪಾಠದ ಯಾವ ಹಂತದಲ್ಲಿ? ಏನು ಕಂಡಿರಿ?" ಎಂದು ಬರೆದು ಹಿಂದಿರುಗಿಸುತ್ತಾರೆ. ಚೀಟಿಯನ್ನು ಮೊದಲು ಪಾಠ ಮಾಡಿದವರಿಗೆ ತೋರಿಸಿ, ಅವರ ಉತ್ತರದೊಂದಿಗೆ ಒಂದೇ ಪುಟದಲ್ಲಿ ದಾಖಲಿಸುತ್ತಾರೆ. ಚೀಟಿಯಲ್ಲಿ ಬರೆದವರ ಹೆಸರಿರುತ್ತದೆ, ಚರ್ಚೆಯಲ್ಲಿ ಮಾತ್ರ ಹೆಸರು ಎತ್ತುವುದಿಲ್ಲ. ಉತ್ತರ ಒಪ್ಪಿಗೆಯಾಗದಿದ್ದರೆ 'ಬಾಕಿ' ಎಂದು ಗುರುತು. ಪುಟ ಭರ್ತಿಯಾಗಲು ಎರಡು ದಿನ ಹಿಡಿಯುತ್ತದೆ ಎಂಬ ಗೊಣಗಾಟ ಇದೆ, ಅದು ನಿಜವೂ ಹೌದು. ಆದರೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಡದ ಸಹಪಾಠಿಯೊಬ್ಬಳ ಚೀಟಿಗಳೇ ಈಗ ಎಲ್ಲರಿಗಿಂತ ನಿಖರವಾಗಿವೆ.

ಹತ್ತನೇ ತರಗತಿಯಲ್ಲೂ ಇದನ್ನು ಬಳಸಿದೆ. ಕನ್ನಡಿಯಿಂದ ಬಿಸಿಲನ್ನು ಕತ್ತಲಾಗಿಸಿದ ಕೋಣೆಗೆ ತಿರುಗಿಸಿ, ರಟ್ಟಿನ ರಂಧ್ರದ ಮುಂದೆ ಪಟ್ಟಕವಿಟ್ಟು, ಗೋಡೆಯ ಮೇಲಿನ ವರ್ಣಪಟಲದ ಉದ್ದ-ಅಗಲ ಅಳೆಯುವ ಚಟುವಟಿಕೆ. ಒಂದು ಗುಂಪಿಗೆ ಸುಮಾರು ಮೂರು ಪಟ್ಟು ಬಂತು, ಇನ್ನೊಂದಕ್ಕೆ ಎರಡೂವರೆಯೂ ಬರಲಿಲ್ಲ. "ನೀವು ಅಳೆದದ್ದೇ ತಪ್ಪು" ಎಂಬ ಕೂಗು ಶುರುವಾಯಿತು. ಕಾರ್ಯದರ್ಶಿಯಾಗಿದ್ದ ಹುಡುಗಿ ಹಲಗೆಯ ಮೇಲೆ ಎರಡೂ ಸಂಖ್ಯೆ ಬರೆದು, ದೂರ ಎಷ್ಟು, ರಂಧ್ರ ಎಷ್ಟು ದೊಡ್ಡದು ಎಂದು ಇಬ್ಬರನ್ನೂ ಕೇಳಿದಳು. ದೂರ ಒಂದೇ. ಒಂದು ರಂಧ್ರ ಪೆನ್ಸಿಲ್ಲಿನಷ್ಟು, ಇನ್ನೊಂದು ರೂಪಾಯಿ ನಾಣ್ಯದಷ್ಟು. ರಂಧ್ರ ದೊಡ್ಡದಾದರೆ ಬಿಂಬ ಉದ್ದದಲ್ಲೂ ಅಗಲದಲ್ಲೂ ಒಂದೇ ಅಳತೆಯಷ್ಟು ಹಿಗ್ಗುತ್ತದೆ, ಹಾಗಾಗಿ ಅನುಪಾತ ಇಳಿಯುತ್ತದೆ. ಇದನ್ನು ಹೇಳಲು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಐದು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ.

ಓಲ್ಡನ್‌ಬರ್ಗ್ 1677ರಲ್ಲಿ ತೀರಿಕೊಂಡರು. ಎರಡು ವರ್ಷದೊಳಗೆ ಪತ್ರಿಕೆ ನಿಂತಿತು, ಮತ್ತೆ ಆರಂಭವಾದದ್ದು 1683ರಲ್ಲಿ. ಲೇಖನಗಳನ್ನು ಒಬ್ಬ ವ್ಯಕ್ತಿಯ ಬದಲು ಸಮಿತಿಯೊಂದು ಪರಿಶೀಲಿಸುವ ಏರ್ಪಾಡನ್ನು ಸೊಸೈಟಿ ಮಾಡಿದ್ದು 1752ರಲ್ಲಿ. ನಮ್ಮಲ್ಲಿ ವಾರಕ್ಕೊಮ್ಮೆ ಕಾರ್ಯದರ್ಶಿ ಬದಲಾಗಬೇಕೆಂಬ ನಿಯಮ ಬಂದದ್ದು ಈ ಕಾರಣಕ್ಕೆ. ಬಾಕಿ ಉಳಿದ ಚೀಟಿಗಳನ್ನು ಮುಂದಿನ ತಂಡಕ್ಕೆ ದಾಟಿಸುವುದು ಹೇಗೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಪುಸ್ತಕ ವಿಜ್ಞಾನ ಬೋಧನಾ ಕೊಠಡಿಯ ಬೀರುವಿನಲ್ಲಿದೆ, ಬೀಗ ಹಾಕಿಲ್ಲ.