ಡಿಜಿಟಲ್ ಸಹಿಯ ಪಹಣಿ ನಡೆಯುವುದಿಲ್ಲ ಎಂದರೆ ಏನು ಮಾಡಬೇಕು?

ಸಿಂಧನೂರಿನ ಕಾಲುವೆ ಕೆಳಗಿನ ರೈತನಿಗೆ ಭತ್ತದ ನಾಟಿಗೆ ಸಾಲ ಬೇಕು. ಲಿಂಗಸುಗೂರಿನ ಮಳೆಯಾಶ್ರಿತ ಹೊಲದವನಿಗೆ ತೊಗರಿ ಬಿತ್ತನೆಗೆ ಬೇಕು. ಇಂಥ ಹೊತ್ತಿನಲ್ಲಿ “ಈ ಪಹಣಿಯ ಸಹಿ ನಡೆಯುವುದಿಲ್ಲ, ಶಾಯಿಯ ಸಹಿ ಹಾಕಿಸಿಕೊಂಡು ಬನ್ನಿ” ಎಂದು ತಿರುಗಿ ಕಳಿಸಿದರೆ ಒಂದು ದಿನದ ಕೆಲಸ, ಬಸ್ಸಿನ ಹಣ ಎರಡೂ ಹೋದಂತೆ. ಬಿತ್ತನೆಯ ಹದವೂ ತಪ್ಪೀತು.

ರೈತ ಬಾಂಧವರು ಮೊದಲು ತಿಳಿಯಬೇಕಾದದ್ದು ಇದು: 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 5ನೇ ಕಲಮು ಇಂಥ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆದರೆ ಈ ಸಹಿ ಇರುವುದು ಕಾಗದದಲ್ಲಲ್ಲ, ಕಂಪ್ಯೂಟರ್ ಕಡತದಲ್ಲಿ. ಕಡತದ ಅಕ್ಷರ ಅಕ್ಷರವನ್ನೂ ಲೆಕ್ಕ ಹಿಡಿದು ಹಾಕಿದ ಮುದ್ರೆ ಅದು. ಒಂದು ಅಂಕಿ ತಿದ್ದಿದರೂ ಮುದ್ರೆ ಒಡೆಯುತ್ತದೆ.

ತೊಂದರೆ ಎಲ್ಲಿದೆ?

1. ಭೂಮಿ ಜಾಲತಾಣದಲ್ಲಿ ಉಚಿತವಾಗಿ ಕಾಣುವ ಪಹಣಿ ಮಾಹಿತಿಗೆ ಮಾತ್ರ. ಕಚೇರಿಗೆ ಕೊಡಲು ಶುಲ್ಕ ಕಟ್ಟಿ ಐ-ಆರ್‌ಟಿಸಿ ಪಡೆಯಬೇಕು.

2. ಕಡತದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಹಿ ಉಳಿಯುವುದಿಲ್ಲ. ಇಳಿಸಿಕೊಂಡ ಮೂಲ ಪಿಡಿಎಫ್ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ.

3. ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸಹಿ ಸುಳ್ಳೆಂದು ಅರ್ಥವಲ್ಲ. ಸಹಿಗೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಗುರುತು ಆ ಕಂಪ್ಯೂಟರಿಗೆ ಇಲ್ಲ ಎಂದಷ್ಟೇ. ಅಡೋಬ್ ರೀಡರ್‌ನಲ್ಲಿ ಸಹಿಯನ್ನು ಒತ್ತಿ, ಪ್ರಮಾಣಪತ್ರ ಯಾರದೆಂದು ಓದಿ ಖಚಿತಪಡಿಸಿಕೊಂಡ ಮೇಲೆ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಬಹುದು. ಮೊಬೈಲಿನಲ್ಲಿ ಕಡತ ತೆರೆಯುವ ಅನೇಕ ಆ್ಯಪ್‌ಗಳು ಸಹಿಯನ್ನು ಪರಿಶೀಲಿಸುವುದೇ ಇಲ್ಲ.

4. ಕೆಂಪು ಅಡ್ಡಗೆರೆ ಕಂಡರೆ ಎಚ್ಚರ. ಕಡತ ಬದಲಾಗಿರಬಹುದು ಅಥವಾ ಸಹಿಯಲ್ಲಿ ದೋಷವಿರಬಹುದು. ಹೊಸ ಪ್ರತಿ ಪಡೆಯುವುದೇ ಸರಿ.

ಮಸ್ಕಿ ಕಡೆಯವರಿಗೆ

ಮಸ್ಕಿ 2017–18ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕು. ಮೊದಲು ಲಿಂಗಸುಗೂರು, ಸಿಂಧನೂರಿಗೆ ಸೇರಿದ್ದ ಹಳ್ಳಿಗಳು ಇದರಲ್ಲಿವೆ. ಹಳೆಯ ಕಾಗದದಲ್ಲಿ ಒಂದು ತಾಲ್ಲೂಕು, ಹೊಸ ಪಹಣಿಯಲ್ಲಿ ಇನ್ನೊಂದು ಇದ್ದರೆ ಸಹಿ ಸರಿಯಿದ್ದರೂ ಆಕ್ಷೇಪ ಬರಬಹುದು. ಅರ್ಜಿಯಲ್ಲಿ ಈಗಿನ ತಾಲ್ಲೂಕಿನ ಹೆಸರನ್ನೇ ಬರೆಯಿರಿ.

ಸಹಿಯಲ್ಲಿ ಹೆಸರು ಸ್ಪಷ್ಟವಿರಬೇಕೆಂಬುದು ಮಸ್ಕಿಗೆ ಹೊಸ ಮಾತಲ್ಲ. ಇಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಅಶೋಕನ ಹೆಸರು ಇದ್ದದ್ದರಿಂದಲೇ ‘ದೇವಾನಾಂಪ್ರಿಯ’ ಯಾರೆಂಬ ಸಂದೇಹ ಕಳೆಯಿತು.

ಕಚೇರಿಗೆ ಹೋಗುವಾಗ

ಮುದ್ರಿತ ಪ್ರತಿಯ ಜೊತೆ ಮೂಲ ಕಡತವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪಹಣಿಯ ಮೇಲಿನ ಸಂಖ್ಯೆಯನ್ನು, ನಾಡಕಚೇರಿಯ ಜಾತಿ–ಆದಾಯ ಪತ್ರವಾದರೆ ‘ಆರ್‌ಡಿ’ಯಿಂದ ಆರಂಭವಾಗುವ ಸಂಖ್ಯೆಯನ್ನು ತೋರಿಸಿ, ಜಾಲತಾಣದಲ್ಲೇ ತಾಳೆ ನೋಡುವಂತೆ ಕೇಳಿ. ಆಗಲೂ ಒಪ್ಪದಿದ್ದರೆ ಕಾರಣವನ್ನು ಬರೆದುಕೊಡಲು ವಿನಯದಿಂದ ಕೇಳಿ. ಕಾರಣ ಗೊತ್ತಾದರೆ ಮೇಲಿನ ನಾಲ್ಕರಲ್ಲಿ ಯಾವುದನ್ನು ಸರಿಪಡಿಸಬೇಕೆಂಬುದು ತಿಳಿಯುತ್ತದೆ. ಶಾಯಿಯ ಸಹಿಗಾಗಿ ಮಧ್ಯವರ್ತಿಗೆ ಹಣ ಕೊಡಬೇಡಿ.

ಓದು ಬಾರದ ನೆರೆಯವರಿಗೂ ಇದನ್ನು ಓದಿ ಹೇಳಿ.