ಇಂಗ್ಲೀಷಿನ ಬಾಯಿಪರೀಕ್ಷೆಯಲ್ಲಿ ಸೈಕಲ್ಲಿನ ಪ್ರಶ್ನೆ

ಪರದೇಶದಲ್ಲಿ ವಿದ್ಯೆ ಕಲಿಯಲಿಕ್ಕೂ ಉದ್ಯೋಗ ಹಿಡಿಯಲಿಕ್ಕೂ ಹೊರಡುವ ನಮ್ಮ ತರುಣ ತರುಣಿಯರು ಮೊದಲು ದಾಟಬೇಕಾದ ಹೊಳೆಯೊಂದುಂಟು. ಅದಕ್ಕೆ ಐಇಎಲ್‌ಟಿಎಸ್ ಎಂದು ಹೆಸರು. 1989ರಿಂದ ಈ ಹೆಸರಿನಲ್ಲಿ ನಡೆದುಬಂದಿರುವ ಈ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳಿವೆ. ಮೊದಲಿನ ಮೂರಕ್ಕೆ ಪುಸ್ತಕ ಹಿಡಿದು ಧೈರ್ಯವಾಗಿ ಸಿದ್ಧರಾಗುವ ಮಕ್ಕಳು ನಾಲ್ಕನೆಯದನ್ನು ನೆನೆದ ಮಾತ್ರಕ್ಕೆ ಬೆವರುತ್ತಾರೆ. ಹಾಗೆ ಬೆವರಲು ಕಾರಣವೂ ಇಲ್ಲದಿಲ್ಲ. ಪರೀಕ್ಷೆಯ ಶುಲ್ಕವು ಹದಿನಾರು ಸಾವಿರ ರೂಪಾಯಿಗಳಿಗೂ ಮಿಗಿಲಾದುದು. ಬಂದ ಅಂಕವು ಎರಡು ವರ್ಷ ಮಾತ್ರ ಊರ್ಜಿತವಾಗಿರುವುದು. ಇಂಗ್ಲೆಂಡಿನಲ್ಲಿ ದಾದಿಯಾಗಬೇಕೆಂದು ಈ ಪರೀಕ್ಷೆಗೆ ಕುಳಿತ ಹೆಣ್ಣುಮಗಳಿಗೆ ಮಾತಿನ ಭಾಗದಲ್ಲಿ 9ಕ್ಕೆ 7 ಬರಲೇಬೇಕು. ಆ 7ನ್ನು ಗಳಿಸಲು ದೊರೆಯುವ ಕಾಲವೋ 11ರಿಂದ 14 ನಿಮಿಷ!

ಇಷ್ಟು ಭಾರವಾದ ಪರೀಕ್ಷೆಯಲ್ಲಿ ಏನು ಕೇಳುವರೆಂದು ವಾಚಕರು ಕುತೂಹಲಪಡಬಹುದು. ಷೇಕ್ಸ್‌ಪಿಯರನ ನಾಟಕವನ್ನೂ ಕೇಳುವುದಿಲ್ಲ, ವ್ಯಾಕರಣಸೂತ್ರವನ್ನೂ ಕೇಳುವುದಿಲ್ಲ. ನಿಮಗೆ ಸೈಕಲ್ ಹೊಡೆಯಲು ಬರುವುದೆ? ನಿಮ್ಮ ಊರಿನಲ್ಲಿ ಜನರು ಯಾವ ವಾಹನವನ್ನು ಹೆಚ್ಚಾಗಿ ಬಳಸುತ್ತಾರೆ? ಬಸ್ಸಿನ ಪ್ರಯಾಣ ನಿಮಗೆ ಹಿತವೆ? ಇಂಥ ಮಾತುಗಳೇ ಮೊದಲ ನಾಲ್ಕೈದು ನಿಮಿಷಗಳಲ್ಲಿ ಬರುವುವು. ಆಮೇಲೆ ಒಂದು ಚೀಟಿಯನ್ನು ಕೈಗೆ ಕೊಟ್ಟು, ಒಂದು ನಿಮಿಷ ಯೋಚಿಸಗೊಟ್ಟು, ಎರಡು ನಿಮಿಷದವರೆಗೆ ಒಂದೇ ವಿಷಯವನ್ನು ಮಾತನಾಡಿಸುತ್ತಾರೆ. ನೆನಪಿನಲ್ಲುಳಿದ ಒಂದು ಪ್ರಯಾಣವನ್ನು ವರ್ಣಿಸಿರಿ ಎಂಬುದು ಆ ಬಗೆಯದು. ಕಡೆಯ ನಾಲ್ಕೈದು ನಿಮಿಷ ಚರ್ಚೆ.

ಬೀದರ ಜಿಲ್ಲೆಯ ಹುಲಸೂರಿನ ಒಬ್ಬ ಹೆಣ್ಣುಮಗಳು ಪರೀಕ್ಷಕರ ಎದುರಿಗೆ ಕುಳಿತಿರುವಳೆಂದು ಇಟ್ಟುಕೊಳ್ಳೋಣ. ಬಸವಕಲ್ಯಾಣಕ್ಕೂ ಭಾಲ್ಕಿಗೂ ನಡುವಣ ಈ ಗಡಿನಾಡಿನಲ್ಲಿ ಬೆಳೆದವಳಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಪಯಣದಲ್ಲಿ ಉರ್ದು ಹಿಂದಿಗಳು ಅಭ್ಯಾಸವಾಗಿರುವುವು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವ ಚಾತುರ್ಯ ಅವಳಿಗೆ ಹುಟ್ಟಿನಿಂದಲೇ ಬಂದುದು. ಆದರೂ ‘ಡೂ ಯೂ ರೈಡ್ ಎ ಬೈಕ್?’ ಎಂಬ ಮೊದಲನೆಯ ಪ್ರಶ್ನೆಗೇ ಆಕೆ ಎಡವುವ ಸಂಭವವಿದೆ. ನಮ್ಮಲ್ಲಿ ಬೈಕೆಂದರೆ ಪೆಟ್ರೋಲು ಕುಡಿದು ಓಡುವ ಮೋಟಾರು ಗಾಡಿ. ಇಂಗ್ಲೀಷರ ಬಾಯಲ್ಲಿ ಅದು ಬಹುಮಟ್ಟಿಗೆ ಪೆಡಲು ತುಳಿಯುವ ಸೈಕಲ್ಲೇ. ‘ಇಲ್ಲ, ನನ್ನಲ್ಲಿ ಲೈಸೆನ್ಸ್ ಇಲ್ಲ’ ಎಂದು ಆಕೆ ಉತ್ತರ ಕೊಟ್ಟರೆ ಪರೀಕ್ಷಕರು ಹುಬ್ಬೇರಿಸಿಯಾರು! ಸಂದೇಹ ಬಂದಲ್ಲಿ ‘ಬೈಸಿಕಲ್ಲಿನ ಮಾತೋ ಮೋಟಾರ್‌ಬೈಕಿನ ಮಾತೋ’ ಎಂದು ಇಂಗ್ಲೀಷಿನಲ್ಲಿಯೇ ಕೇಳಿಬಿಡುವುದು ಲೇಸು. ಹೀಗೆ ಕೇಳುವುದು ತಪ್ಪಲ್ಲ. ಸಹಜವಾಗಿ ಸಂಭಾಷಿಸುವವರು ಮಾಡುವುದು ಇದನ್ನೇ.

ನಮ್ಮ ದಾರಿಯ ಇಂಗ್ಲೀಷಿನಲ್ಲಿ ಇಂಥ ಪದಗಳು ಹಲವಿವೆ. ನಾವು ಬಸ್ಸಿನಿಂದ ‘ಗೆಟ್ ಡೌನ್’ ಆಗುತ್ತೇವೆ, ಅವರು ‘ಗೆಟ್ ಆಫ್’ ಆಗುತ್ತಾರೆ. ನಮಗೆ ‘ಬೈ ವಾಕ್’, ಅವರಿಗೆ ‘ಆನ್ ಫುಟ್’. ನಮ್ಮ ಪೆಟ್ರೋಲ್ ಬಂಕು ಅವರಲ್ಲಿ ಪೆಟ್ರೋಲ್ ಸ್ಟೇಷನ್. ಮೋಟಾರಿನ ಹೆಚ್ಚಿನ ಗಾಲಿಗೆ ನಾವು ಹೇಳುವ ‘ಸ್ಟೆಪ್ನಿ’ಯ ಕಥೆಯಂತೂ ಸ್ವಾರಸ್ಯವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೇಲ್ಸ್ ಸೀಮೆಯ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಅಂಥ ಗಾಲಿಗಳನ್ನು ತಯಾರಿಸುತ್ತಿದ್ದರು. ಬೀದಿಯ ಹೆಸರೇ ಸರಕಿನ ಹೆಸರಾಗಿ ಹಿಂದೂಸ್ಥಾನಕ್ಕೆ ಬಂದು ನಿಂತಿತು; ಹುಟ್ಟಿದ ನಾಡಿನವರು ಅದನ್ನು ಬಹುತೇಕ ಮರೆತು ‘ಸ್ಪೇರ್ ವೀಲ್’ ಎನ್ನುತ್ತಾರೆ. ಇಂಗ್ಲೀಷಿನವರಿಗೇ ತಿಳಿಯದ ಇಂಗ್ಲೀಷು ನಮ್ಮ ಗ್ಯಾರೇಜುಗಳಲ್ಲಿ ಬಾಳುತ್ತಿದೆ.

ವ್ಯಾಕರಣದ ತೊಡಕೂ ಒಂದೆರಡುಂಟು. ನಮ್ಮ ಸಪ್ತಮೀ ವಿಭಕ್ತಿ ಉದಾರವಾದುದು: ಬಸ್ಸಿನಲ್ಲಿ, ರೈಲಿನಲ್ಲಿ, ಕಾರಿನಲ್ಲಿ, ಆಟೋದಲ್ಲಿ ಎಂದು ಎಲ್ಲಕ್ಕೂ ಒಂದೇ ಪ್ರತ್ಯಯ ಸಾಕು. ಇಂಗ್ಲೀಷು ಹಾಗಲ್ಲ. ಎದ್ದು ನಿಂತು ಓಡಾಡಬಹುದಾದ ಬಸ್ಸು ರೈಲುಗಳಿಗೆ ‘ಆನ್’, ಬಗ್ಗಿ ಒಳಗೆ ಸೇರಿ ಕುಳಿತುಕೊಳ್ಳುವ ಕಾರು ಆಟೋಗಳಿಗೆ ‘ಇನ್’. ಮೇಲೆ ಕುಳಿತು ಸಾಗುವ ಸೈಕಲ್ಲಿಗೆ ಪುನಃ ‘ಆನ್’. ಹುಲಸೂರಿನವರು ‘ಸೈಕಲ್ ಮ್ಯಾಲ’ ಎನ್ನುವುದರಿಂದ ಆ ಕಡೆಯದು ಅವರಿಗೆ ತಾನಾಗಿ ಒದಗುತ್ತದೆ. ದಿನದ ವಾಡಿಕೆಯನ್ನು ಹೇಳುವಾಗ ‘ಐ ಆಮ್ ಗೋಯಿಂಗ್ ಡೈಲಿ’ ಎನ್ನದೆ ‘ಐ ಗೋ’ ಎನ್ನಬೇಕು. ಹಿಂದೆ ಇದ್ದು ಈಗ ಬಿಟ್ಟುಹೋದ ರೂಢಿಗೆ ‘ಯೂಸ್ಡ್ ಟು’ ಎಂಬ ಪ್ರಯೋಗವೊಂದನ್ನು ಬಾಯಿಗೆ ತಂದುಕೊಳ್ಳಬೇಕು. ಉಚ್ಚಾರಣೆಯಲ್ಲಿ ‘ಸ್ಟೇಷನ್’ ಎಂಬುದಕ್ಕೆ ಮುಂದೆ ಇಕಾರ ಸೇರಿಸಿ ‘ಇಸ್ಟೇಷನ್’ ಮಾಡುವುದೂ, ‘ವೀಅಕಲ್’ ಎಂಬುದನ್ನು ಅಕ್ಷರ ನೋಡಿ ‘ವೆಹಿಕಲ್’ ಎನ್ನುವುದೂ ತಿದ್ದಿಕೊಳ್ಳತಕ್ಕವು. ಆದರೆ ನಾಡಿನ ಧಾಟಿ ಇದ್ದಿತೆಂದು ಅಂಕ ಕಡಿಯುವುದಿಲ್ಲ. ಮೂಗಿನಿಂದ ಮಾತನಾಡಿ ದೊರೆಗಳಂತೆ ನಟಿಸುವವರನ್ನು ನಾವು ಕಂಡಿದ್ದೇವೆ. ಆ ಶ್ರಮ ಸಂಪೂರ್ಣ ವ್ಯರ್ಥ.

ಪರೀಕ್ಷಕರು ತೂಗುವುದು ನಾಲ್ಕನ್ನು: ಮಾತಿನ ಹರಿವು ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮನಾದ ತೂಕ. ಹೇಳಿದ ಅಭಿಪ್ರಾಯ ಸರಿಯೋ ತಪ್ಪೋ ಎಂಬ ವಿಚಾರಣೆ ಅಲ್ಲಿಲ್ಲ. ಈ ಸಂಗತಿಯನ್ನು ಅರಿಯದೆ ಎಷ್ಟೋ ಮಂದಿ ಬೆಲೆಕೊಟ್ಟು ಕೊಂಡ ‘ಮಾದರಿ ಉತ್ತರ’ಗಳನ್ನು ಕಂಠಪಾಠ ಮಾಡುವರು. ಗಿಳಿಪಾಠವನ್ನು ಗುರುತಿಸುವ ಅಭ್ಯಾಸ ಪರೀಕ್ಷಕರಿಗೆ ಚೆನ್ನಾಗಿರುತ್ತದೆ. ಲಂಡನ್ನಿನ ಸೈಕಲ್ ಹಾದಿಯನ್ನು ಹೊಗಳುವ ಕಂಠಪಾಠಕ್ಕಿಂತ ಹುಲಸೂರಿನ ಹುಡುಗಿ ತನ್ನ ಶಾಲೆಯ ದಾರಿಯನ್ನು ಹೇಳುವುದೇ ಮೇಲು.

ಹೇಳಲು ಅವಳಲ್ಲಿ ಸರಕು ಕಡಮೆಯೆ? ‘ನಾನು ಈಗ ಸೈಕಲ್ ತುಳಿಯುವುದು ಅಪರೂಪ, ಶಾಲೆಗೆ ಮಾತ್ರ ದಿನವೂ ಸೈಕಲ್ಲಿನ ಮೇಲೆಯೇ ಹೋಗುತ್ತಿದ್ದೆ, ಸರ್ಕಾರದವರು ಎಂಟನೆಯ ತರಗತಿಯಲ್ಲಿ ಕೊಟ್ಟದ್ದು. ಬೇಸಗೆಯಲ್ಲಿ ಡಾಂಬರು ಕಾದು ಟಯರು ಅಂಟಿದಂತಾಗುತ್ತಿತ್ತು’ ಎಂದರೆ ಉತ್ತರವೂ ಆಯಿತು, ಕಾರಣವೂ ಆಯಿತು, ನಿದರ್ಶನವೂ ಆಯಿತು. ‘ಯೆಸ್’ ಎಂದು ಬಾಯಿ ಮುಚ್ಚಿದರೆ ಪರೀಕ್ಷಕರಿಗೆ ಅಳೆಯಲು ಏನೂ ಸಿಗದು. ಕರ್ನಾಟಕ ಸರ್ಕಾರವು ಶಾಲಾಮಕ್ಕಳಿಗೆ ಹೀಗೆ ಸೈಕಲ್ ಹಂಚಲಾರಂಭಿಸಿದ್ದು 2006-07ರಲ್ಲಿ. ಅದರಿಂದ ಪಕ್ಕದೂರಿನ ಪ್ರೌಢಶಾಲೆ ಎಷ್ಟು ಹೆಣ್ಣುಮಕ್ಕಳಿಗೆ ಹತ್ತಿರವಾಯಿತೆಂಬುದನ್ನು ಹಳ್ಳಿಯ ಗೃಹಸ್ಥರು ತಾವೇ ಬಲ್ಲರು. ಬಸ್ಸಿನ ಮಾತು ಬಂದರೆ 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಇದ್ದೇ ಇದೆ. ಸ್ತ್ರೀಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿನ ಹಣವಿಲ್ಲವೆಂದರೆ ಯಾವ ದೇಶದ ಪರೀಕ್ಷಕರಿಗೂ ಮುಂದಿನ ಪ್ರಶ್ನೆ ಕೇಳಬೇಕೆನ್ನಿಸುವುದು. ಬಸ್ಸು ತಪ್ಪಿದ ದಿನ ಜನರು ಒತ್ತರಿಸಿ ಕುಳಿತು ಹೋಗುವ ಟಂಟಂ ಗಾಡಿಯನ್ನು ‘ಷೇರ್ಡ್ ಆಟೋ’ ಎಂದು ಬಿಡಿಸಿ ಹೇಳಿದರೆ ಪದಸಂಪತ್ತಿನ ಪರೀಕ್ಷೆಯೂ ಆದಂತೆಯೇ.

ಕಡೆಯ ಚರ್ಚೆಯಲ್ಲಿ ಮನೆಯ ಹಿರಿಯರು ನೆರವಾಗಬಲ್ಲರು. ‘ಅಜ್ಜಂದಿರ ಕಾಲದಿಂದ ಇಂದಿನವರೆಗೆ ಸಂಚಾರವು ಹೇಗೆ ಬದಲಾಯಿತು?’ ಎಂಬ ಪ್ರಶ್ನೆ ಅಲ್ಲಿ ಬರುವಂಥದು. ಊಟವಾದ ಮೇಲೆ ಹುಡುಗಿ ‘ಯಜ್ಜಾ, ನೀವು ಕಲ್ಯಾಣಕ್ಕ ಹ್ಯಾಂಗ ಹೋಗ್ತಿದ್ರಿ?’ ಎಂದು ಕೇಳಲಿ. ಚಕ್ಕಡಿಯ ಮಾತು, ತಾಸಿಗಿಷ್ಟೆಂದು ಬಾಡಿಗೆಗೆ ತರುತ್ತಿದ್ದ ಸೈಕಲ್ಲಿನ ಮಾತು, ನಡೆದೇ ಹೋದ ಜಾತ್ರೆಯ ಮಾತು ಒಂದರ ಹಿಂದೊಂದು ಬರುವುವು. ಬೀದರವು ನಿಜಾಮರ ಆಳಿಕೆಯಲ್ಲಿದ್ದ ಕಾಲದಲ್ಲಿ, 1932ರ ಜೂನಿನಲ್ಲಿ, ಆ ಸಂಸ್ಥಾನದ ರೈಲ್ವೆಯವರು 27 ಬಸ್ಸುಗಳಿಂದ ರಸ್ತೆಸಾರಿಗೆಯನ್ನು ಆರಂಭಿಸಿದರು. ಬೀದರ-ಕಲಬುರಗಿಗಳ ನಡುವೆ ಹುಮನಾಬಾದಿನ ಮೇಲೆ ಹಾಯುವ ರೈಲು ಓಡಿದ್ದಾದರೋ 2017ರ ಅಕ್ಟೋಬರಿನಲ್ಲಿ. ಇಸವಿಗಳನ್ನು ಒಪ್ಪಿಸುವುದು ಪರೀಕ್ಷೆಗೆ ಬೇಕಾಗಿಲ್ಲ. ‘ಅಜ್ಜನಿಗೆ ಒಂದು ದಿನ ಹಿಡಿಯುತ್ತಿದ್ದ ದಾರಿ ನನಗೆ ಒಂದು ತಾಸು’ ಎಂಬ ಹೋಲಿಕೆಯನ್ನು ಇಂಗ್ಲೀಷಿನಲ್ಲಿ ಕಟ್ಟುವುದಕ್ಕೆ ಬಂದರೆ ಸಾಕು. ಮನೆಯವರಲ್ಲಿ ಯಾರಾದರೂ ಗಡಿಯಾರ ಹಿಡಿದು ಎರಡು ನಿಮಿಷ ಅವಳನ್ನು ಮಾತನಾಡಿಸಲಿ. ಕೇಳುವವರಿಗೆ ಇಂಗ್ಲೀಷು ಬಾರದಿದ್ದರೂ ಮಾತು ಎಲ್ಲಿ ನಿಂತಿತೆಂಬುದು ತಿಳಿದೇ ತಿಳಿಯುವುದು.

ಹುಲಸೂರಿನ ಕಡೆಯವರು ಈ ಪರೀಕ್ಷೆಗೆ ಹೈದರಾಬಾದಿಗೆ ಹೋಗುವುದು ಅನುಕೂಲ; ಬಸವಕಲ್ಯಾಣದ ಬಳಿ ಹಾದು ಹುಮನಾಬಾದಿನ ಮೇಲೆ ಹೋಗುವ 65ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ ನೇರವಾಗಿ ಅಲ್ಲಿಗೆ ಮುಟ್ಟಿಸುವುದು. ಮಾತಿನ ಪರೀಕ್ಷೆ ಬರೆಹದ ದಿನವೇ ಇರಬೇಕೆಂದೇನೂ ಇಲ್ಲವಾದ್ದರಿಂದ ತಾರೀಖನ್ನು ನೋಡಿಕೊಂಡೇ ವಸತಿಯ ಏರ್ಪಾಡು ಮಾಡತಕ್ಕದ್ದು. ಹೆಸರು ನೋಂದಾಯಿಸುವಾಗ ತೋರಿಸಿದ ಪಾಸ್‌ಪೋರ್ಟು ಕೈಯಲ್ಲಿರದಿದ್ದರೆ ಒಳಗೆ ಬಿಡುವುದಿಲ್ಲ.